ಅಮ್ಮಿ ಓದಿದ ಐದು

2024ರ ರಮಝಾನಿನ ಮೊದಲ ವಾರ. ನಸುಕಿನ ನಾಲ್ಕು ಗಂಟೆಗೆ ನಮ್ಮ ಮನೆಯ ಗ್ಯಾಸ್ ಮುಗಿಯಿತು. ಈ ಸಿಲಿಂಡರಿನ ಗುಣವೇ ಹಾಗೆ. ಖಾಲಿಯಾಗುವುದಿದ್ದರೆ ನೆಂಟರು ಬಂದಾಗ, ಇಲ್ಲವೇ ಸಹರಿಯ ಹೊತ್ತಿಗೆ. ಅಡುಗೆಮನೆಯ ಮೂಲೆಯಲ್ಲಿ ಮಗಳು ಚಹಾ ಕಾಯಿಸಿಕೊಳ್ಳುವ ಕರೆಂಟಿನ ಇಂಡಕ್ಷನ್ ಒಲೆ ಇತ್ತು. "ನೀನು ಇನ್ನೊಂದು ಗಳಿಗೆ ಮಲಗು, ಖಿಚಡಿ ನಾನಿಡುತ್ತೇನೆ" ಎಂದರು ಅಮ್ಮಿ. ಅವರಿಗೆ ಎಪ್ಪತ್ತನಾಲ್ಕು ವರ್ಷ. ಅಬ್ಬಾ ತೀರಿಕೊಂಡ ಮೇಲೆ ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲೇ ಇದ್ದಾರೆ.

ನಾನು ಎದ್ದು ಬಂದಾಗ ಐದಕ್ಕೆ ಹದಿನೈದು ನಿಮಿಷವಿತ್ತು. ಒಲೆಯ ಮೇಲೆ ಕಲಾಯಿ ಹಾಕಿಸಿದ ತಾಮ್ರದ ಪಾತೇಲಿ. ಅದರೊಳಗೆ ಅಕ್ಕಿ, ಬೇಳೆ, ತಣ್ಣೀರು. ಒಲೆ ಕೀಂ ಕೀಂ ಎನ್ನುತ್ತಿತ್ತು.

"ಪಾಂಚ್ ಬೋಲ್ರಾ" ಎಂದರು ಅಮ್ಮಿ. "ಐದು ಅನ್ನುತ್ತಿದೆ. ಐದು ನಿಮಿಷ ಕಾಯಬೇಕೇನೋ ಅಂತ ಕುಳಿತೆ. ತಾನೇ ಆರಿಹೋಯಿತು. ಮತ್ತೆ ಹಚ್ಚಿದೆ, ಮತ್ತೆ ಐದು."

ಕೆಂಪು ದೀಪದಲ್ಲಿ ಹೊಳೆಯುತ್ತಿದ್ದುದು ಇಂಗ್ಲಿಷಿನ ಇ, ಪಕ್ಕದಲ್ಲೊಂದು ಸೊನ್ನೆ. ನನಗೆ ನಗು ಬಂತು. ಹಿಂದೆ ನಿಂತಿದ್ದ ಮಕ್ಕಳೂ ನಕ್ಕರು. ಅಮ್ಮಿ ಸೆರಗಿನಿಂದ ಕೈ ಒರೆಸಿಕೊಂಡು ಸುಮ್ಮನೆ ಹೊರಗೆ ಹೋದರು. ಆ ದಿನ ನಾವೆಲ್ಲ ಖರ್ಜೂರ, ಬಾಳೆಹಣ್ಣು, ತಣ್ಣನೆಯ ಹಾಲಿನಲ್ಲಿ ರೋಜಾ ಹಿಡಿದೆವು.

ನಗಬಾರದಿತ್ತು. ಉರ್ದು ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವರು ಅಮ್ಮಿ. ಉರ್ದುವಿನಲ್ಲಿ ಸೊನ್ನೆ ಎಂದರೆ ಒಂದು ಚುಕ್ಕೆ. ದುಂಡಗೆ ಬರೆಯುವುದು ಐದನ್ನು. ನಸುಕಿನಲ್ಲಿ ಕನ್ನಡಕವಿಲ್ಲದೆ ಅವರು ತಮಗೆ ಕಲಿಸಿದಂತೆಯೇ ಸರಿಯಾಗಿ ಓದಿದ್ದರು. ಎರಡೂ ಲಿಪಿಗಳನ್ನು ಓದಿ ಕಥೆ ಬರೆಯುವ ನಾನು ಅದನ್ನು ಥಟ್ಟನೆ ತಿಳಿಯಬೇಕಿತ್ತು.

ತಪ್ಪು ಪಾತೇಲಿಯದ್ದೂ ಅಲ್ಲ. ಈ ಒಲೆ ಬೆಂಕಿ ಮಾಡುವುದಿಲ್ಲ. ಗಾಜಿನ ಹಲಗೆಯ ಕೆಳಗೆ ತಾಮ್ರದ ತಂತಿಯ ಸುರುಳಿಯಿದೆ. ಗೋಡೆಯಿಂದ ಬರುವ 50 ಹರ್ಟ್ಸ್ ಕರೆಂಟನ್ನು ಯಂತ್ರ 20,000 ಹರ್ಟ್ಸಿಗೂ ಮೇಲಕ್ಕೆ ಏರಿಸಿ ಸುರುಳಿಗೆ ಕೊಡುತ್ತದೆ. ಅದರಿಂದ ಏಳುವ ಕಾಂತಕ್ಷೇತ್ರ ಪಾತ್ರೆಯ ತಳದಲ್ಲಿಯೇ ವಿದ್ಯುತ್ತಿನ ಸುಳಿಗಳನ್ನು ಎಬ್ಬಿಸಿ ತಳವನ್ನು ಕಾಯಿಸುತ್ತದೆ. ಇದಕ್ಕೆ ಕಬ್ಬಿಣದ ಗುಣವಿರುವ ತಳ ಬೇಕು. ತಾಮ್ರ, ಅಲ್ಯುಮಿನಿಯಂ ಮನೆಬಳಕೆಯ ಇಂತಹ ಒಲೆಗೆ ಒಗ್ಗುವುದಿಲ್ಲ. ಪರೀಕ್ಷೆ ಸುಲಭ: ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಿದರೆ ಒಲೆಗೆ ಆಗುತ್ತದೆ. ನಮ್ಮ ಒಲೆಯ ಪುಸ್ತಕದಲ್ಲಿ ಆ ಇ-ಸೊನ್ನೆಗೆ 'ತಕ್ಕ ಪಾತ್ರೆ ಇಲ್ಲ' ಎಂಬ ಅರ್ಥವಿತ್ತು, ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಉಳಿದ ಅಂಕಿಗಳು ವೋಲ್ಟೇಜ್ ಇಳಿದದ್ದಕ್ಕೆ, ಏರಿದ್ದಕ್ಕೆ, ಒಳಗೆ ಕಾವು ಹೆಚ್ಚಾದದ್ದಕ್ಕೆ. ಆದರೆ ಒಂದು ಕಂಪನಿಯ ಅಂಕಿಗೆ ಇನ್ನೊಂದು ಕಂಪನಿಯಲ್ಲಿ ಬೇರೆಯೇ ಅರ್ಥವಿರಬಹುದು. ಆದ್ದರಿಂದ ಪುಸ್ತಕವನ್ನು ರದ್ದಿಗೆ ಹಾಕಬೇಡಿ.

ಮೂರು ದಿನ ಅಮ್ಮಿ ಅಡುಗೆಮನೆಗೆ ಬರಲಿಲ್ಲ. ಸಿಲಿಂಡರ್ ಬಂದ ಮೇಲೂ "ನಿಮ್ಮ ಒಲೆ, ನೀವೇ ನೋಡಿಕೊಳ್ಳಿ" ಎನ್ನುತ್ತಿದ್ದರು.

ನಾಲ್ಕನೆಯ ದಿನ ಇಫ್ತಾರಿನ ಹೊತ್ತಿಗೆ ಒಲೆ ಬೇರೊಂದು ಅಂಕಿ ತೋರಿಸಿ ನಿಂತಿತು. ಜೊತೆಗೆ ಪ್ಲಗ್ಗಿನಿಂದ ಸುಟ್ಟ ವಾಸನೆ. ಮರುದಿನ ಓಣಿಯ ಕರೆಂಟ್ ಕೆಲಸದವನನ್ನು ಕರೆಸಿದೆ. ಗೋಡೆ ನೋಡಿದವನೇ ತಲೆ ಅಲ್ಲಾಡಿಸಿದ.

"ಅಕ್ಕಾರ, 2000 ವ್ಯಾಟಿನ ಒಲಿಗೆ ಟಿವಿ ಹಚ್ಚೂ ಪ್ಲಗ್ ಕೊಟ್ಟೀರಿ. ಇದು ಸುಡದ ಇರ್ತೈತೇನ್ರಿ?"

ಲೆಕ್ಕ ಹಾಕಿದರೆ ಅವನ ಮಾತು ಸರಿ. 230 ವೋಲ್ಟಿನಲ್ಲಿ 2000 ವ್ಯಾಟಿಗೆ ಸುಮಾರು 8.7 ಆಂಪಿಯರ್ ಬೇಕು. ನಮ್ಮ ಚಿಕ್ಕ ಪ್ಲಗ್ ಪಾಯಿಂಟ್ ಇದ್ದದ್ದು 6 ಆಂಪಿಯರಿಗೆ. ಒಲೆಯ ದೊಡ್ಡ ಪಿನ್ನು ಅದರಲ್ಲಿ ಹಿಡಿಸದೆ ಇದ್ದುದೇ ಒಂದು ಎಚ್ಚರಿಕೆ. ನಾವು ದುರ್ಗದ ಬೈಲಿನಿಂದ ಜೋಡಣೆಯ ಪ್ಲಗ್ಗೊಂದನ್ನು ತಂದು ಆ ಎಚ್ಚರಿಕೆಯ ಬಾಯಿ ಮುಚ್ಚಿಸಿದ್ದೆವು. ಅವನು ಬೋರ್ಡು ಬಿಚ್ಚಿದ. "ಮ್ಯಾಲಿನ ತೂತಿನ್ಯಾಗ ತಂತೀನ ಇಲ್ರಿ. ಅರ್ಥಿಂಗ ಇಲ್ಲ." ಎಷ್ಟೋ ವರ್ಷ ನಾವು ಹೀಗೆಯೇ ಬದುಕಿದ್ದೆವು! ಎಲ್ಲಕ್ಕಿಂತ ಅಪಾಯದ ಈ ದೋಷಕ್ಕೆ ಒಲೆಯಲ್ಲಿ ಯಾವ ಅಂಕಿಯೂ ಬರುವುದಿಲ್ಲ. ಯಂತ್ರ ತನ್ನ ನೋವನ್ನು ಹೇಳುತ್ತದೆ, ಗೋಡೆಯದ್ದನ್ನಲ್ಲ.

ಇದು ನಮ್ಮೊಬ್ಬರ ಮನೆಯ ಮಾತಲ್ಲ. ಹಳೆಯ ಓಣಿಗಳ ಎಷ್ಟೋ ಮನೆಗಳಿಗೆ ಎರಡು ಬಲ್ಬು, ಒಂದು ಫ್ಯಾನಿನ ಲೆಕ್ಕದಲ್ಲಿ ತಂತಿ ಎಳೆದದ್ದು. 2023ರ ಆಗಸ್ಟಿನಲ್ಲಿ ಗೃಹಜ್ಯೋತಿ ಬಂದ ಮೇಲೆ ನಾವೂ ಕರೆಂಟ್ ಪುಕ್ಕಟೆ ಎಂದು ಒಲೆಯನ್ನು ಹೆಚ್ಚು ಹಚ್ಚತೊಡಗಿದೆವು. ಆದರೆ ಪುಕ್ಕಟೆಯ ಲೆಕ್ಕ ಹಿಂದಿನ ವರ್ಷದ ಸರಾಸರಿಯ ಮೇಲೆ ನಿಂತದ್ದು. ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಬಿಲ್ಲಿನ ಲೆಕ್ಕ ಇಟ್ಟ ನಾವು ತಂತಿಯ ಲೆಕ್ಕ ಇಟ್ಟಿರಲಿಲ್ಲ.

ಕೊನೆಗೆ ಅವನು ಒಲೆಯನ್ನೇ ಬಿಚ್ಚಿದ. ಒಳಗಿನ ಫ್ಯಾನಿಗೆ ಎಣ್ಣೆ ಜಿಡ್ಡು, ಹಿಟ್ಟು, ಎರಡು ಸತ್ತ ಜಿರಲೆ.

"ಅಡಗಿ ಆದ ಕೂಡ್ಲೇ ಗ್ವಾಡಿ ಸ್ವಿಚ್ ತಗೀತೀರೇನ್ರಿ?"

"ನಾನೇ ತೆಗೀತೇನಪ್ಪಾ" ಎಂದರು ಅಮ್ಮಿ, ಒಳಕೋಣೆಯಿಂದ. "ಈ ಹುಡುಗಿ ಮರೀತಾಳ. ಅದಕ್ಕ ದಿನಾ ನಾನೇ ಬಂದು ತೆಗೀತೇನಿ."

ನನಗೆ ಆಗ ನೆನಪಾಯಿತು. 1988ರ ಸುಮಾರು. ನಮ್ಮ ಬಾಡಿಗೆ ಮನೆಯಲ್ಲಿ ಕಾಯಿಲ್ ಒಲೆಯಿತ್ತು. ಬಿಳಿ ಮಣ್ಣಿನ ಬಿಲ್ಲೆಯ ಗೀರುಗಳಲ್ಲಿ ಸುರುಳಿ ತಂತಿ ಬಯಲಿಗೇ ಮಲಗಿರುತ್ತಿತ್ತು. ತಂತಿ ಕಡಿದರೆ ಅಬ್ಬಾ ಎಳೆದು ಹೆಣೆದು ಜೋಡಿಸುತ್ತಿದ್ದರು. ಒಂದು ಸಂಜೆ ಹಾಲು ಉಕ್ಕಿ ತಂತಿಯ ಮೇಲೆ ಚೆಲ್ಲಿತು. ಅಮ್ಮಿ ಒದ್ದೆ ಕೈಯಿಂದ ಪಾತ್ರೆ ಹಿಡಿದರು. ಹಿಂದಕ್ಕೆ ಬಿದ್ದ ಸದ್ದಿಗೆ ನಾನು ಓಡಿ ಬಂದೆ. ಎರಡು ದಿನ ಅವರ ಬಲಗೈ ಜೋಮು ಹಿಡಿದಿತ್ತು. ಅಂದಿನಿಂದ ಮನೆಯಲ್ಲಿ ಒಂದೇ ಕಾನೂನು: ಮೊದಲು ಗೋಡೆಯ ಸ್ವಿಚ್, ಆಮೇಲೆ ಪಾತ್ರೆ.

ಅಮ್ಮಿ ಬಾಗಿಲಿಗೆ ಬಂದು ಇದನ್ನೆಲ್ಲ ಅವನಿಗೆ ಹೇಳಿದರು. ಅವನು ನಗಲಿಲ್ಲ.

"ಕಾಯಿಲ್ ಒಲಿಗೆ ನೀವು ಮಾಡಿದ್ದು ಬರೋಬರಿ ಐತ್ರಿ ಅಮ್ಮಾರ. ಇದಕ್ಕ ಮಾತ್ರ ಮ್ಯಾಲಿನ ಬಟನ್ ಒತ್ತಿ ಬಂದ್ ಮಾಡ್ರಿ. ಫ್ಯಾನ್ ನಿಂದ್ರೂ ತನಕ, ಒಂದೈದು ನಿಮಿಷ, ಗ್ವಾಡಿ ಸ್ವಿಚ್ ಮುಟ್ಟಬ್ಯಾಡ್ರಿ. ಒಳಗಿನ ಕಾವು ಹೊರಗ ಹೋಗಬೇಕಲ್ರೀ."

"ಪಾಂಚ್ ಮಿನಿಟ್" ಎಂದು ಅಮ್ಮಿ ನನ್ನ ಕಡೆ ನೋಡಿದರು. ಅಷ್ಟು ದಿನಗಳ ಮೇಲೆ ಅವರ ಮುಖದಲ್ಲಿ ನಗು ಕಂಡಿತು.

16 ಆಂಪಿಯರಿನ ಪಾಯಿಂಟ್, ದಪ್ಪ ತಂತಿ, ಅರ್ಥಿಂಗ್, ಕರೆಂಟ್ ಸೋರಿದರೆ ಥಟ್ಟನೆ ಕಡಿಯುವ ಸ್ವಿಚ್ಚು: ಈದ್ ಬಟ್ಟೆಗೆಂದು ತೆಗೆದಿಟ್ಟಿದ್ದ ಹಣ ಅದಕ್ಕೆ ಹೋಯಿತು. ಮಕ್ಕಳು ಮುನಿಸಿಕೊಳ್ಳಲಿಲ್ಲ.

ಆ ರಾತ್ರಿ ತರಾವೀಹ್ ಮುಗಿದ ಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡೆ. ಒಲೆ ತೋರಿಸುವ ಗುರುತುಗಳನ್ನು ಇದ್ದ ಹಾಗೆಯೇ ಬಿಡಿಸಿ, ಎದುರಿಗೆ ಉರ್ದುವಿನಲ್ಲಿ ಅರ್ಥ ಬರೆಯತೊಡಗಿದೆ. ಇದು ಬಂದರೆ ಪಾತ್ರೆ ಬದಲಿಸಿ. ಇದು ಬಂದರೆ ಕರೆಂಟ್ ಸಾಲದು. ಇದು ಬಂದರೆ ಒಲೆ ಆರಲು ಬಿಡಿ. ಗಾಜು ಬಿರಿದರೆ ಹಚ್ಚಲೇಬೇಡಿ. ಕೊನೆಯ ಸಾಲನ್ನು ಅಮ್ಮಿ ಹೇಳಿದರು: ಒದ್ದೆ ಕೈಯಿಂದ ಯಾವುದನ್ನೂ ಮುಟ್ಟಬೇಡಿ. ಅದು ಪುಸ್ತಕದಿಂದ ಬಂದ ಸಾಲಲ್ಲ.

ಬರೆಯುತ್ತಲೇ, ಆ ದಿನ ನಕ್ಕದ್ದಕ್ಕೆ ಮಾಫಿ ಕೇಳಿದೆ.

"ಮೊದಲು ಬರೆದು ಮುಗಿಸು" ಎಂದರು ಅಮ್ಮಿ. "ಅಕ್ಷರ ಇನ್ನೂ ಸ್ವಲ್ಪ ದೊಡ್ಡದಾಗಿರಲಿ."