ಬಾಡಿಗೆಯ ಮನೆಯ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು ಎಂಬ ಮೂರನೆಯ ಮಾತನ್ನು ಅವರು ಕೂಡಿಸಲಿಲ್ಲ. ಆ ಮಾತಿನ ಅರ್ಥವು ಚಿಕ್ಕೋಡಿಯ ಒಬ್ಬ ಮಾಸ್ತರರಿಗೆ ನಾಲ್ವತ್ತೈದನೆಯ ವಯಸ್ಸಿನಲ್ಲಿ ತಿಳಿಯಿತು.

ಇಪ್ಪತ್ತು ವರುಷಗಳ ನೌಕರಿಯಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ಅವರು ಉಳಿಸಿದ್ದು 18 ಲಕ್ಷ ರೂಪಾಯಿ. ಅದರಲ್ಲಿ ನಿಪ್ಪಾಣಿಯೊಳಗೆ ಒಂದು ಮನೆಯನ್ನು ಕೊಂಡು ಬಾಡಿಗೆಗೆ ಕೊಡಬೇಕೆಂಬ ಹಂಬಲವು ಅವರಿಗೆ ಹುಟ್ಟಿತು. ಅದಕ್ಕೆ ಕಾರಣವೂ ಇದ್ದಿತು. ಅವರ ತಂದೆಯವರು ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ಗುಮಾಸ್ತರಾಗಿ, ಬಾಡಿಗೆಯ ಚಾಳಿನಲ್ಲಿಯೇ ಜನ್ಮವನ್ನು ಸವೆಸಿದವರು. ಅವರು ಬಾಡಿಗೆ ಕೊಟ್ಟ ಊರಿನಲ್ಲಿ ಮಗನು ಬಾಡಿಗೆ ಪಡೆಯಬೇಕೆಂಬುದು ಮಾಸ್ತರರ ಮನಸ್ಸಿನ ಗುಟ್ಟು.

ದಲಾಲನು ತೋರಿಸಿದ ಮನೆಯ ಬೆಲೆ 30 ಲಕ್ಷ. ಬಾಡಿಗೆಯು ತಿಂಗಳಿಗೆ 9,000 ಬರುವದೆಂದು ಅವನ ಭರವಸೆ. ಉತಾರ ಶುದ್ಧವಾಗಿದ್ದಿತು, ಬೋಜಾ ಇರಲಿಲ್ಲ. ಮಾಸ್ತರರು ಬಯಾನಾ ಕೊಡಲು ಸಿದ್ಧರಾದರು. ಆ ರಾತ್ರಿ ಅವರ ಮನೆಯವರು ಗೋಡೆಯ ಕ್ಯಾಲೆಂಡರನ್ನು ಇಳಿಸಿ, ಅದರ ಬೆನ್ನಿನ ಮೇಲೆ ಲೆಕ್ಕ ಹಾಕಲು ಕುಳಿತರು.

ಮುದ್ರಾಂಕ ಶುಲ್ಕವು ಅದರ ಮೇಲಣ ಕರಗಳೊಡನೆ ನೂರಕ್ಕೆ 5.6, ನೋಂದಣಿಯ ಶುಲ್ಕವು 2025ರ ಆಗಸ್ಟ ಕೊನೆಯ ದಿನದಿಂದ 1ರ ಬದಲು 2. ಅಂತೂ 2,28,000 ರೂಪಾಯಿ ಮನೆಯ ಬಾಗಿಲು ತೆರೆಯುವ ಮೊದಲೇ ಹೋಗುವದು. ಕೈಯಿಂದ 15 ಲಕ್ಷ ಹಾಕಿ, ಉಳಿದ 15 ಲಕ್ಷವನ್ನು ನೂರಕ್ಕೆ 8.5ರಂತೆ 15 ವರುಷಕ್ಕೆ ಸಾಲ ತೆಗೆದರೆ ತಿಂಗಳ ಕಂತು 14,771. ವರುಷದಲ್ಲಿ ಒಂದು ತಿಂಗಳು ಮನೆ ಬರಿದೇ ಬಿದ್ದರೆ ಬಾಡಿಗೆಯು 99,000. ಘರಪಟ್ಟಿಗೆ 4,000, ಸುಣ್ಣ-ಬಣ್ಣ ಸೋರಿಕೆಗಳಿಗೆ 10,000 ತೆಗೆದರೆ ಉಳಿಯುವದು 85,000. ಸಾಲದ ಕಂತಾದರೋ ವರುಷಕ್ಕೆ 1,77,252! ತಿಂಗಳಿಗೆ 7,600ಕ್ಕೂ ಮಿಕ್ಕಿ ಪಗಾರದಿಂದಲೇ ತುಂಬಬೇಕು. ಮಗಳ ಬೆಳಗಾವಿಯ ಕಾಲೇಜಿನ ಖರ್ಚು ಹೆಚ್ಚುಕಡಿಮೆ ಅಷ್ಟೇ ಇದ್ದಿತು.

“ಮನಿ ಬೆಲೆ ಏರತದಲ್ಲ!” ಎಂದರು ಮಾಸ್ತರರು.

“ಏರಿದ ಬೆಲೆ ಮಾರಿದ ದಿನ ಬರತದರಿ, ಕಂತು ತಿಂಗಳಾ ಬರತದ. ಇಷ್ಟೂ ರೊಕ್ಕ ಗೋಡಿಯೊಳಗ ಹೂಳಿದ ಮ್ಯಾಲೆ ನಾಳೆ ಯಾರರೆ ಹಾಸಿಗಿ ಹಿಡದರ, ಗೋಡಿ ಕೆತ್ತಿ ಔಷಧ ತರತೀರೇನು?”

ಮಾಸ್ತರರು ನಿರುತ್ತರರಾದರು. ಬಡ್ಡಿಯೂ ಸ್ಥಿರವಾದುದಲ್ಲ. 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿಯೊಳಗೆ ರಿಝರ್ವ ಬ್ಯಾಂಕಿನ ರೆಪೊ ದರವು 4ರಿಂದ 6.5ಕ್ಕೆ ಏರಿ, ಸಾಲಗಾರರ ಕಂತುಗಳನ್ನು ಹಿಗ್ಗಿಸಿದ್ದಿತು.

ಬಾಡಿಗೆದಾರನ ಗಳಿಕೆಯು ಊರಿನ ಗಳಿಕೆಯನ್ನು ಅನುಸರಿಸುವದು. 1981ರಲ್ಲಿ ತಂಬಾಕಿನ ಯೋಗ್ಯ ಬೆಲೆಗಾಗಿ ರೈತರು ನಿಪ್ಪಾಣಿಯ ಹೆದ್ದಾರಿಯನ್ನು ತಡೆದ ದಿನಗಳಲ್ಲಿ ಚಾಳಿನ ಬಾಡಿಗೆಗಳು ಹೇಗೆ ನಿಂತುಹೋದವೆಂಬುದನ್ನು ತಂದೆಯವರು ಅನೇಕ ಸಲ ಹೇಳಿದ್ದರು. ಉಗಾರದ ಕಡೆಗೆ ಕಬ್ಬು ನುರಿಸುವ ಹಂಗಾಮಿನಲ್ಲಿ ಖೋಲಿ ಸಿಕ್ಕುವದು ಕಷ್ಟ. ಹಂಗಾಮು ತೀರಿದ ಮೇಲೆ ಖೋಲಿಗೆ ಜನ ಸಿಕ್ಕುವದು ಕಷ್ಟ. 2018ರಲ್ಲಿ ತಾಲೂಕಾದ ಕಾಗವಾಡಕ್ಕೆ ನೌಕರರು ಬರುವರು, ವರ್ಗವಾಗಿ ಹೋಗುವರು. ರಾಯಬಾಗ, ಅಥಣಿಗಳ ನದೀತೀರದಲ್ಲಿ ಅಗ್ಗದ ಜಾಗವನ್ನು ನೋಡುವವರು 2005 ಮತ್ತು 2019ರ ಕೃಷ್ಣೆಯ ಮಹಾಪೂರಗಳನ್ನು ಮರೆಯಬಾರದು.

ಕೊನೆಗೆ ಮಾಸ್ತರರು ನಿಪ್ಪಾಣಿಯ ಮನೆಯನ್ನು ಬಿಟ್ಟರು. ಪುರಸಭೆಯ ಪರವಾನಿಗೆಯನ್ನು ಪಡೆದು, ಚಿಕ್ಕೋಡಿಯ ಸ್ವಂತ ಮನೆಯ ಮಾಳಿಗೆಯ ಮೇಲೆ 6 ಲಕ್ಷದೊಳಗೆ ಎರಡು ಖೋಲಿಗಳನ್ನು ಕಟ್ಟಿಸಿದರು. ಜಾಗದ ಬೆಲೆಯಿಲ್ಲ, ಮುದ್ರಾಂಕವಿಲ್ಲ, ಸಾಲವಿಲ್ಲ. ತಿಂಗಳಿಗೆ 4,000ದಂತೆ ವರುಷಕ್ಕೆ 48,000. ಹಾಕಿದ ಹಣಕ್ಕೆ ನೂರಕ್ಕೆ 8. ಆದಾಯ ಕರದವರೂ ಘರಪಟ್ಟಿಯನ್ನು ಕಳೆದು ಉಳಿದ ಬಾಡಿಗೆಯಲ್ಲಿ ನೂರಕ್ಕೆ 30ನ್ನು ರಿಪೇರಿ ಮುಂತಾದವುಗಳಿಗೆಂದು ಬಿಡುವರು.

ಖೋಲಿಗೆ ಬಂದವನು ಕೋರ್ಟಿನ ಒಬ್ಬ ತರುಣ ಗುಮಾಸ್ತ. ಒಂದು ವರುಷಕ್ಕೆ ಮೀರಿದ ಕರಾರನ್ನು ನೋಂದಾಯಿಸಲೇಬೇಕಾದುದರಿಂದ ರೂಢಿಯಂತೆ 11 ತಿಂಗಳಿಗೆ ಪತ್ರವಾಯಿತು. ಅವನು ಎಣಿಸಿ ಕೊಟ್ಟ ಅನಾಮತ್ತು ಹಣವನ್ನು ಮಾಸ್ತರರು ಮರುದಿನವೇ ಬೇರೆ ಖಾತೆಯಲ್ಲಿಟ್ಟರು. ಚಾಳನ್ನು ಬಿಟ್ಟ ದಿವಸ ತಮ್ಮ ಅನಾಮತ್ತಿಗಾಗಿ ಮಾಲಕನ ಕಟ್ಟೆಯ ಮೇಲೆ ಸಂಜೆಯವರೆಗೆ ಕುಳಿತಿದ್ದ ತಂದೆಯವರನ್ನು ಅವರು ಮರೆತಿರಲಿಲ್ಲ. ಅದೊಂದು ಲೆಕ್ಕವು ಮಾತ್ರ ಕ್ಯಾಲೆಂಡರಿನ ಬೆನ್ನಿನ ಮೇಲೆ ಇರಲಿಲ್ಲ.