ಕಾಗದಕ್ಕೆ ಹುಟ್ಟಿದ ಲೆನ್ಸು

ಮ್ಯಾಕ್ರೊ ಛಾಯಾಗ್ರಹಣ ಕಲಿಯಲು ಹೊರಟವರೆಲ್ಲ ಮೊದಲು ಕೇಳುವುದು ಯಾವ ಲೆನ್ಸ್ ಕೊಳ್ಳಬೇಕು ಎಂದು. ನನ್ನನ್ನು ಕೇಳಿದರೆ, ನಿಮ್ಮ ಬೇಲಿಯ ಹುಳಗಳು ಎಷ್ಟು ಹೊತ್ತಿಗೆ ಏಳುತ್ತವೆ ಎಂದು ಮೊದಲು ತಿಳಿದುಕೊಳ್ಳಿ ಎನ್ನುತ್ತೇನೆ. ಪರಿಸರಪ್ರೇಮದ ಉಪದೇಶ ಮಾಡುತ್ತಿದ್ದಾನೆಂದು ಮೂಗು ಮುರಿಯಬೇಡಿ. ಈ ಲೆನ್ಸಿನ ಜಾತಕದಲ್ಲೇ ಹುಳ ಇಲ್ಲ. ಈ ವಂಶದ ಹಿರಿಯರಲ್ಲೊಂದಾದ ಮೈಕ್ರೊ-ನಿಕ್ಕೋರನ್ನು ನಿಪ್ಪೊನ್ ಕೊಗಾಕು, ಅಂದರೆ ಇಂದಿನ ನಿಕಾನ್ ಕಂಪನಿ, 1956ರಲ್ಲಿ ತಯಾರಿಸಿದ್ದು ಪುಸ್ತಕ, ದಾಖಲೆಗಳನ್ನು ಮೈಕ್ರೊಫಿಲ್ಮಿಗೆ ಇಳಿಸಲಿಕ್ಕೆ. ಗೆರೆಯ ಮೇಲೆ ಗೆರೆ ತುಂಬಿದ ಕಾಂಜಿ ಅಕ್ಷರಗಳು ಕುಗ್ಗಿದಾಗ ಕಲಸಿಹೋಗಬಾರದು ಎಂಬುದೇ ಅದರ ಮುಖ್ಯ ಚಿಂತೆ. ಪುಟ ಚಪ್ಪಟೆಯಾಗಿರುತ್ತದೆ, ಇಟ್ಟಲ್ಲೇ ಇರುತ್ತದೆ. ಹುಳಕ್ಕೆ ಇವೆರಡೂ ಗುಣವಿಲ್ಲ. ಕಲಿಯುವವನ ಪಾಡೆಲ್ಲ ಇಲ್ಲಿಂದ ಶುರು.

ಲೆಕ್ಕ ನೋಡಿ. ಹುಳ ತನ್ನ ನಿಜ ಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡುವಷ್ಟು ಹತ್ತಿರ, 1:1 ಅನುಪಾತಕ್ಕೆ, ಹೋದಿರೆನ್ನಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಎಫ್/8 ಇಟ್ಟರೂ ಸ್ಪಷ್ಟವಾಗಿ ಸಿಗುವುದು ಸುಮಾರು 1 ಮಿಲಿಮೀಟರ್ ಆಳ. ಅಪರ್ಚರ್ ಇನ್ನೂ ಕಿರಿದು ಮಾಡೋಣವೆಂದರೆ, ಅಷ್ಟು ಹತ್ತಿರದಲ್ಲಿ ಎಫ್/16 ಎಂದು ಇಟ್ಟದ್ದು ಹೆಚ್ಚುಕಡಿಮೆ ಎಫ್/32ರಂತೆ ವರ್ತಿಸಿ, ಬೆಳಕೂ ಸಾಲದೆ, ವಿವರ್ತನೆಯಿಂದ ಇಡೀ ಚಿತ್ರವೇ ಮಂಕಾಗುತ್ತದೆ. ಹಾಗಾಗಿ ಉಳಿದ ದಾರಿ ಒಂದೇ: ಹುಳ ಪುಟದಂತಾಗುವ ಗಳಿಗೆಯನ್ನು ಹುಡುಕುವುದು. ಅಂಥ ಗಳಿಗೆ ಖಂಡಿತ ಇದೆ. ಚಿಟ್ಟೆಯ ಮೈ ಗಾಳಿಯ ತಂಪಿಗೇ ತಣ್ಣಗಾಗುತ್ತದೆ. ಹಾರುವ ಸ್ನಾಯು ಬೆಚ್ಚಗಾಗುವವರೆಗೆ ಅದು ರೆಕ್ಕೆ ಜೋಡಿಸಿಕೊಂಡು, ಮೈಮೇಲೆ ಇಬ್ಬನಿ ಹೊತ್ತು, ಹುಲ್ಲಿನೆಸಳಿಗೆ ಅಂಟಿ ಕೂತಿರುತ್ತದೆ. ಮುಚ್ಚಿದ ರೆಕ್ಕೆಗಿಂತ ಚಪ್ಪಟೆಯಾದದ್ದು ಹುಳಲೋಕದಲ್ಲಿ ಕಡಿಮೆ. ಸೆನ್ಸರನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದರೆ ಆ ಒಂದೇ ಮಿಲಿಮೀಟರಿನಲ್ಲಿ ಬುಡದಿಂದ ಅಂಚಿನವರೆಗೆ ಹುರುಪೆಗಳು ಮಂಗಳೂರು ಹೆಂಚಿನ ಹಾಗೆ ಸಾಲುಸಾಲಾಗಿ ಕಾಣುತ್ತವೆ. ಕ್ಯಾಮೆರಾ ಚೂರು ಓರೆಯಾದರೆ ಅರ್ಧ ಮಾಡು ಮಂಜಿನಲ್ಲಿ ಕರಗುತ್ತದೆ. ಒಂಬತ್ತು ಗಂಟೆಯ ಬಿಸಿಲಿಗೆ ಅದೇ ಚಿಟ್ಟೆಯ ಬೆನ್ನು ಹತ್ತಿದರೆ ಸಿಗುವುದು ಮೈನೋವು. ಚಪ್ಪಟೆಯಲ್ಲದ ಜಿಗಿಯುವ ಜೇಡದಂಥವಕ್ಕೆ ಬೇರೆ ಉಪಾಯ: ಇರುವ ಮಿಲಿಮೀಟರನ್ನು ಮುಂದಿನ ಎರಡು ದೊಡ್ಡ ಕಣ್ಣುಗಳಿಗೆ ಕೊಟ್ಟು, ಹೊಟ್ಟೆ, ಕಾಲುಗಳನ್ನು ಮಸುಕಿಗೆ ಬಿಟ್ಟುಬಿಡುವುದು. ಚಗಳಿ ಇರುವೆಯ ವೇಷ ಹಾಕಿ ಅವುಗಳ ನಡುವೆಯೇ ಓಡಾಡುವ ಜೇಡವೊಂದಿದೆ. ನಡಿಗೆ ನೋಡಿ ಅನುಮಾನಪಟ್ಟು ಕಾಲು ಎಣಿಸಿದವನಿಗಷ್ಟೇ ಅದು ಜೇಡ. ಉಳಿದವರ ಲೆನ್ಸಿಗೂ ಅದು ಇರುವೆಯೇ.

ಇಷ್ಟೆಲ್ಲ ಯಾಕೆ, ಹುಳವನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟರೆ ಸಾಲದೇ ಎನ್ನುವವರಿದ್ದಾರೆ. ಅವರ ಪರವಾಗಿ ದೊಡ್ಡ ಸಾಕ್ಷಿಯೂ ಇದೆ: 1665ರಲ್ಲಿ ‘ಮೈಕ್ರೊಗ್ರಾಫಿಯಾ’ ಪ್ರಕಟಿಸಿದ ರಾಬರ್ಟ್ ಹುಕ್, ಸುಮ್ಮನಿರಲೊಲ್ಲದ ಇರುವೆಗೆ ಬ್ರಾಂಡಿ ಕುಡಿಸಿ ಚಿತ್ರ ಬರೆದ. ಆದರೆ ಹುಕ್ ಅದನ್ನು ಪುಸ್ತಕದಲ್ಲೇ ಹೇಳಿಕೊಂಡ. ಅವನಿಗೆ ಬೇಕಿದ್ದದ್ದು ಇರುವೆಯ ಆಕಾರ. ಲೆವೊನ್ ಬಿಸ್ ತನ್ನ ‘ಮೈಕ್ರೊಸ್ಕಲ್ಪ್ಚರ್’ ಮಾಲಿಕೆಗೆ ಒಂದೊಂದು ಕೀಟದ ಸಾವಿರಾರು ಫೋಟೊಗಳನ್ನು ಜೋಡಿಸಿದ್ದೂ ಆಕ್ಸ್‌ಫರ್ಡ್ ಸಂಗ್ರಹಾಲಯದ ಸತ್ತ ಮಾದರಿಗಳಿಂದ, ಅದೂ ಬಹಿರಂಗವಾಗಿ. ಮರಗಟ್ಟಿದ ಹುಳವನ್ನು ಹೂವಿನ ಮೇಲೆ ಕೂರಿಸಿ ‘ಪ್ರಕೃತಿಯ ಮಡಿಲಲ್ಲಿ’ ಎಂದು ಶೀರ್ಷಿಕೆ ಕೊಡುವುದಕ್ಕೆ ಮಾತ್ರ ನನ್ನ ತಕರಾರು. ಇನ್ನು ಫೋಕಸ್ ಸ್ಟ್ಯಾಕಿಂಗ್ ಬಂದ ಮೇಲೆ 1 ಮಿಲಿಮೀಟರಿನ ಗೋಳೇ ಇಲ್ಲ ಎಂಬ ವಾದ. ಹತ್ತಾರು ಫೋಟೊ ತೆಗೆದು ಸೇರಿಸಬೇಕಾದರೆ ಹುಳ ಅಷ್ಟೂ ಹೊತ್ತು ಮಿಸುಕಬಾರದು, ಗಾಳಿ ಬೀಸಬಾರದು. ತಂತ್ರಜ್ಞಾನ ನಮ್ಮನ್ನು ಮತ್ತೆ ಅದೇ ಮುಂಜಾವಿಗೆ ತಂದು ನಿಲ್ಲಿಸುತ್ತದೆ.

ವಿಜ್ಞಾನಿಗಳದೊಂದು ಆಕ್ಷೇಪವುಂಟು: ಪ್ರಭೇದಕ್ಕೆ ಹೆಸರಿಡಲು ಫೋಟೊ ಸಾಲದು, ಮಾದರಿ ಬೇಕು. ನಾನು ಒಪ್ಪುತ್ತೇನೆ. ಮಲೇಷ್ಯಾದ ಕಾಡಿನಲ್ಲಿ ತೆಗೆದ ಹಸಿರು ಲೇಸ್‌ವಿಂಗ್ ಕೀಟವೊಂದರ ಫೋಟೊ ಕೀಟತಜ್ಞ ಶಾನ್ ವಿಂಟರ್‌ಟನ್ ಕಣ್ಣಿಗೆ ಬಿದ್ದು, ಇದು ಹೊಸದಿರಬಹುದು ಎನ್ನಿಸಿದರೂ, ಕೀಟವೇ ಕೈಗೆ ಸಿಗುವವರೆಗೆ ಕಾಯಬೇಕಾಯಿತು. 2012ರಲ್ಲಿ ಅದಕ್ಕೆ ಸೆಮಾಕ್ರೈಸಾ ಜೇಡ್ ಎಂದು ನಾಮಕರಣವಾಯಿತು. ಆ ಮಾದರಿಯನ್ನು ಹುಡುಕಿ ತಂದವನು ಫೋಟೊ ತೆಗೆದವನೇ. ಎಲ್ಲಿ ಹುಡುಕಬೇಕೆಂದು ಅವನಿಗೆ ಗೊತ್ತಿತ್ತು.

ಆದ್ದರಿಂದ ಸಾಲ ಮಾಡಿ ಮ್ಯಾಕ್ರೊ ಲೆನ್ಸ್ ತರುವ ಮುನ್ನ, ಕ್ಯಾಮೆರಾ ಜೊತೆ ಬಂದ 18-55 ಲೆನ್ಸನ್ನೇ ಒಂದು ರಿವರ್ಸ್ ರಿಂಗ್ ಹಾಕಿ ತಿರುಗಿಸಿ ಜೋಡಿಸಿ. ಆಟೊಫೋಕಸ್ ಹೋಗುತ್ತದೆ, ಹೋಗಲಿ; ಮೈಯನ್ನೇ ಹಿಂದೆ ಮುಂದೆ ವಾಲಿಸಿ ಫೋಕಸ್ ಮಾಡುವುದನ್ನು ಹೇಗೂ ಕಲಿಯಲೇಬೇಕು. ಬೆಳಿಗ್ಗೆ ಆರಕ್ಕೆ ಬೇಲಿಯ ಹತ್ತಿರ ಹೋಗಿ ಕೂತು ನೋಡಿ. ಅಷ್ಟು ಬೇಗ ಏಳಲಾಗದಿದ್ದರೆ ಲೆನ್ಸಿನ ದುಡ್ಡು ಉಳಿಯಿತು.