ಎಸ್.ಪಿ. ರಸ್ತೆಯಲ್ಲಿ ವೇಗದ ವ್ಯಾಪಾರ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಕಸುಬಿಗೊಂದು ಬೀದಿ. ಅಕ್ಕಿಗೆ ಅಕ್ಕಿಪೇಟೆ, ಬಳೆಗೆ ಬಳೇಪೇಟೆ, ಮಡಕೆಗೆ ಕುಂಬಾರಪೇಟೆ. ಕಂಪ್ಯೂಟರಿಗೆ ಮಾತ್ರ ಕೆಂಪೇಗೌಡರ ಕಾಲದಲ್ಲಿ ಬೀದಿ ಇರಲಿಲ್ಲವಲ್ಲ! ಆ ಕೊರತೆ ತುಂಬಿದ್ದು ಪುರಭವನದ ಬಳಿಯ ಸದರ್ ಪತ್ರಪ್ಪ ರಸ್ತೆ. ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚಿಸಿಯಾರು, 'ಎಸ್.ಪಿ. ರೋಡ್' ಎಂದರೆ ಸಾಕು.

ಇಲ್ಲಿ ಹೆಗಲಿಗೆ ಹೆಗಲು ತಾಗದೆ ನಡೆಯುವುದು ಕಷ್ಟ. ಕೈಗಾಡಿಗಳ ನಡುವೆ ನುಸುಳುವ ಸ್ಕೂಟರುಗಳು, ಬಾಗಿಲವರೆಗೂ ಪೇರಿಸಿದ ಮಾನಿಟರ್ ಪೆಟ್ಟಿಗೆಗಳು, 'ಏನ್ ಬೇಕು ಸಾರ್?' ಎಂಬ ಕೂಗು. ಕಾಲೇಜು ತೆರೆಯುವ ದಿನಗಳಲ್ಲಿ ವಿದ್ಯಾರ್ಥಿಗಳು ಮುಂದೆ, ಜೇಬಿನ ಮೇಲೆ ಕೈಯಿಟ್ಟ ತಂದೆಯರು ಹಿಂದೆ.

ತುಮಕೂರಿನಿಂದ ಬಂದ ಅಂಥದೊಂದು ಜೋಡಿ ಒಂದು ಅಂಗಡಿಯ ಮೆಟ್ಟಿಲೇರಿತು. ಮಗಳು ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಾಳೆ. ಮನೆಯ ಡೆಸ್ಕ್‌ಟಾಪ್‌ಗೆ ಎಂಟು ವರ್ಷ. ಗುಂಡಿ ಒತ್ತಿ ಕಾಫಿ ಕುಡಿದು ಬಂದರೂ ಅದು ತೆರೆದಿರುವುದಿಲ್ಲ. ಪ್ರಾಜೆಕ್ಟ್ ಒಪ್ಪಿಸಲು ಉಳಿದಿರುವುದು ಎರಡು ತಿಂಗಳು.

"ಎಲ್ಲಕ್ಕಿಂತ ಫಾಸ್ಟ್ ಇರೋ ಎಸ್‌ಎಸ್‌ಡಿ ಕೊಡಿ" ಎಂದರು ತಂದೆ. ಕೆಲಸದ ಹುಡುಗ ತಟ್ಟನೆ ಒಂದು ಪೆಟ್ಟಿಗೆ ಇಳಿಸಿದ. ಮೇಲೆ ದಪ್ಪಕ್ಷರ: ಸೆಕೆಂಡಿಗೆ 7,000 ಮೆಗಾಬೈಟ್. ಗಲ್ಲದ ಮೇಲಿದ್ದ ಹಿರಿಯ ಮಾಲೀಕರು ಕೇಳಿದ್ದು ಬೇರೆಯೇ: "ಮದರ್‌ಬೋರ್ಡ್ ಯಾವುದಮ್ಮ?"

ಅದು ಇಬ್ಬರಿಗೂ ಗೊತ್ತಿರಲಿಲ್ಲ. ಎಸ್.ಪಿ. ರಸ್ತೆಗೆ ಬರುವ ಬಹಳ ಮಂದಿಗೆ ಗೊತ್ತಿರುವುದಿಲ್ಲ. ದುಡ್ಡು ಸೋರುವುದೇ ಇಲ್ಲಿ. ಮನೆಯಲ್ಲಿದ್ದ ತಮ್ಮನಿಗೆ ಫೋನು ಹೋಯಿತು. ಅವನು ಪೆಟ್ಟಿಗೆ ಬಿಚ್ಚಿ ಫೋಟೋ ಕಳಿಸಿದ.

ಬೋರ್ಡಿನಲ್ಲಿ ಎಂ.2 ಎಂಬ ಸಣ್ಣ ಕಿಂಡಿ ಇತ್ತು. ಆದರೆ ಅದು ಪಿಸಿಐಇ ಮೂರನೆಯ ತಲೆಮಾರಿನದು. ಹುಡುಗ ಇಳಿಸಿದ್ದು ನಾಲ್ಕನೆಯ ತಲೆಮಾರಿನ ಡ್ರೈವ್. ಕೂರಿಸಿದರೆ ಕೂರುತ್ತದೆ, ಕೆಲಸವನ್ನೂ ಮಾಡುತ್ತದೆ; ವೇಗ ಮಾತ್ರ 3,500ರ ಆಸುಪಾಸಿಗೇ ನಿಲ್ಲುತ್ತದೆ. ಕಿಂಡಿಯೇ ಇಲ್ಲದ ಇನ್ನೂ ಹಳೆಯ ಬೋರ್ಡಾದರೆ ಸಾಟಾ ಡ್ರೈವೇ ಗತಿ, ಅದರ ವೇಗ ಸುಮಾರು 550. ನೋಡಲು ಎಂ.2 ಆಕಾರದಲ್ಲೇ ಇದ್ದು ಒಳಗೆ ಸಾಟಾ ಆಗಿರುವ ಡ್ರೈವುಗಳೂ ಉಂಟು. ಎಲ್ಲ ಕಿಂಡಿಗೂ ಅವು ಒಗ್ಗುವುದಿಲ್ಲ.

"ಹಾಗಾದರೆ ಅರ್ಧ ವೇಗಕ್ಕೆ ತೃಪ್ತಿಪಡಬೇಕೇ?" ತಂದೆಯ ಮುಖ ಸಪ್ಪಗಾಯಿತು.

ಸಪ್ಪಗಾಗಬೇಕಿಲ್ಲ. ಹಳೆಯ ಹಾರ್ಡ್ ಡಿಸ್ಕ್ ತಾಲ್ಲೂಕು ಕಚೇರಿಯ ದಫ್ತರದ ಕೋಣೆಯಂತೆ. ಒಂದೊಂದು ಕಡತಕ್ಕೂ ಗುಮಾಸ್ತ ಎದ್ದು ಹೋಗಬೇಕು. ತಿರುಗುವ ತಟ್ಟೆಯ ಮೇಲೆ ಮುಳ್ಳು ಸರಿದು ಜಾಗ ಹುಡುಕಲು ಸುಮಾರು 10 ಮಿಲಿಸೆಕೆಂಡು ಹಿಡಿಯುತ್ತದೆ. ಕಂಪ್ಯೂಟರ್ ತೆರೆಯುವಾಗ ಇಂಥ ಸಾವಿರಾರು ಓಡಾಟ. ಎಸ್‌ಎಸ್‌ಡಿಯಲ್ಲಿ ತಿರುಗುವುದು, ಸರಿಯುವುದು ಏನೂ ಇಲ್ಲವಾದ್ದರಿಂದ ಅದೇ ಕೆಲಸಕ್ಕೆ ಮಿಲಿಸೆಕೆಂಡಿನ ಹತ್ತನೇ ಒಂದು ಪಾಲೂ ಬೇಡ. ಕಾಫಿ ಕುಡಿಯುವ ಸಮಯ ಉಳಿಯುವುದು ಇಲ್ಲಿಯೇ. 3,500ಕ್ಕೂ 7,000ಕ್ಕೂ ಇರುವ ಅಂತರ ದೊಡ್ಡ ವಿಡಿಯೋ ನಕಲು ಮಾಡುವಾಗ ಕಂಡೀತು. ಪ್ರೋಗ್ರಾಂ ಬರೆಯುವ ಹುಡುಗಿಗೆ ಕಾಣುವುದು ಅಪರೂಪ.

ಉಳಿದ ಹಣದಲ್ಲಿ 500 ಜಿಬಿ ಬದಲು 1 ಟಿಬಿ ಕೊಳ್ಳುವುದೆಂದಾಯಿತು. ಮನೆಗೆ ಹೋದ ಮೇಲೆ ಪರದೆ 931 ಜಿಬಿ ಎಂದೇ ತೋರಿಸುತ್ತದೆ. ಅದು ಮೋಸವಲ್ಲ, ಲೆಕ್ಕದ ಪದ್ಧತಿ ಬೇರೆ ಅಷ್ಟೆ. ಅಗ್ಗದ ಕ್ಯುಎಲ್‌ಸಿ ಮಾಲು ದೊಡ್ಡ ನಕಲಿನ ನಡುವೆ ಏದುಸಿರು ಬಿಡುತ್ತದೆಂದು ಮಾಲೀಕರು ಟಿಎಲ್‌ಸಿಯದೇ ಕೊಟ್ಟರು. ಐದು ವರ್ಷದ ವಾರಂಟಿ. ಡ್ರೈವಿನ ಸೀರಿಯಲ್ ನಂಬರು ಸಮೇತ ಜಿಎಸ್‌ಟಿ ಬಿಲ್ಲು ಬರೆಸಿಕೊಂಡಳು ಮಗಳು, ಜಾಣೆ.

"ಹಳೇ ಡಿಸ್ಕ್ ತಂದ್ಕೊಟ್ರೆ ಸ್ವಲ್ಪ ಕಡಿಮೆ ಮಾಡ್ತೀವಿ" ಎಂದ ಹುಡುಗ. ಮಾಲೀಕರೇ ತಡೆದರು. "ಬೇಡಮ್ಮ, ಅದು ಒಳಗೇ ಇರಲಿ. ಪ್ರಾಜೆಕ್ಟ್‌ನ ಇನ್ನೊಂದು ಪ್ರತಿ ಅದರಲ್ಲಿಡು. ಎಸ್‌ಎಸ್‌ಡಿ ಕೆಟ್ಟರೆ ಹೇಳಿ ಕೇಳಿ ಕೆಡೋಲ್ಲ."

ತಂದೆ ಹೊಸ ಡ್ರೈವಿನ ಪೊಟ್ಟಣವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. ಒಳಗಿನ ವಸ್ತು ಹತ್ತು ಗ್ರಾಮೂ ಇಲ್ಲ.

"ಒಳಗೆ ಹಾಕಿದ್ದಾರೇನಮ್ಮ, ಸರಿಯಾಗಿ ನೋಡಿದೆಯಾ?"